ಗಾಯಾಳುವಿನ ಪರಿಹಾರ: ಮೊತ್ತ ನಿಗದಿಯಾಗುವ ಬಗೆ

ರಸ್ತೆ ಅಪಘಾತದಲ್ಲಿ ಗಾಯಗೊಂಡವರಿಗೆ ಎಷ್ಟು ಪರಿಹಾರ ಸಲ್ಲಬೇಕು ಎಂಬುದನ್ನು ತೀರ್ಮಾನಿಸುವುದು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ. 1988ರ ಮೋಟಾರು ವಾಹನ ಕಾಯ್ದೆಯ 168ನೆಯ ಕಲಂ ಈ ಮಂಡಳಿಗೆ ಹೇಳುವುದು ಒಂದೇ ಮಾತು: ಮೊತ್ತ ನ್ಯಾಯಯುತವಾಗಿರಬೇಕು. ನ್ಯಾಯಯುತ ಎಂದರೆ ಎಷ್ಟು ರೂಪಾಯಿ ಎಂದು ಆ ಕಲಂ ಹೇಳುವುದಿಲ್ಲ. ಕಾಲು ಕಳೆದುಕೊಂಡವನಿಗೆ ಇಷ್ಟು, ಕೈ ಕಳೆದುಕೊಂಡವಳಿಗೆ ಇಷ್ಟು ಎಂಬ ದರಪಟ್ಟಿಯೂ ಅಲ್ಲಿಲ್ಲ. ಆ ಖಾಲಿ ಜಾಗವನ್ನು ಹಲವು ದಶಕಗಳ ತೀರ್ಪುಗಳು ತುಂಬಿವೆ. ಇಂದು ದೇಶದ ಯಾವುದೇ ಜಿಲ್ಲಾ ನ್ಯಾಯಾಲಯದಲ್ಲಿ ಮೊತ್ತ ಕಟ್ಟುವುದು ಆ ತೀರ್ಪುಗಳು ಹಾಕಿಕೊಟ್ಟ ಕ್ರಮದಲ್ಲೇ.

ಈ ಕ್ರಮವನ್ನು ಹತ್ತಿರದಿಂದ ನೋಡಲು ನಾಗ್ಪುರ ತಕ್ಕ ಊರು. ಉತ್ತರ ದಕ್ಷಿಣವಾಗಿ ಹೋಗುವ 44ನೆಯ ರಾಷ್ಟ್ರೀಯ ಹೆದ್ದಾರಿಯೂ ಪೂರ್ವ ಪಶ್ಚಿಮವಾಗಿ ಹೋಗುವ 53ನೆಯ ಹೆದ್ದಾರಿಯೂ ಇಲ್ಲಿ ಸಂಧಿಸುತ್ತವೆ. ಮುಂಬಯಿಗೆ ಹೋಗುವ 701 ಕಿಲೋಮೀಟರಿನ ಸಮೃದ್ಧಿ ಮಹಾಮಾರ್ಗ ಇಲ್ಲಿಂದಲೇ ಹೊರಡುತ್ತದೆ. ಅಪಘಾತದ ಗಾಯಾಳುಗಳನ್ನು ಊರಿನವರು ‘ಮೆಡಿಕಲ್’ ಎನ್ನುವ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗೋ ‘ಮೇಯೋ’ ಎನ್ನುವ ಇಂದಿರಾ ಗಾಂಧಿ ಆಸ್ಪತ್ರೆಗೋ ಒಯ್ಯುತ್ತಾರೆ. ಅವರ ಅರ್ಜಿ ವಿಚಾರಣೆಗೆ ಬರುವುದು ಸಿವಿಲ್ ಲೈನ್ಸ್‌ನ ಜಿಲ್ಲಾ ನ್ಯಾಯಾಲಯದಲ್ಲಿ. ಮೇಲ್ಮನವಿ ಹೋಗುವುದು ಬಾಂಬೆ ಹೈಕೋರ್ಟಿನ ನಾಗ್ಪುರ ಪೀಠಕ್ಕೆ. 1940ರಲ್ಲಿ ಆಗಿನ ನಾಗ್ಪುರ ಹೈಕೋರ್ಟಿಗಾಗಿ ತೆರೆದ ಕಟ್ಟಡವೇ ಈಗ ಈ ಪೀಠದ ನೆಲೆ.

ಬೆಂಗಳೂರಿನಿಂದ ದೆಹಲಿಯ ಕಡೆ ಸರಕು ಹೊತ್ತು ಹೋಗುವ ಲಾರಿಗಳಿಗೂ ಈ 44ನೆಯ ಹೆದ್ದಾರಿಯೇ ದಾರಿ. ಹಾಗಾಗಿ ಕನ್ನಡ ನಾಡಿನ ಚಾಲಕ, ಕ್ಲೀನರುಗಳಿಗೂ ನಾಗ್ಪುರದ ನ್ಯಾಯಮಂಡಳಿ ದೂರದ ಸಂಗತಿಯಲ್ಲ. ಆದರೆ ಅಪಘಾತ ನಾಗ್ಪುರದ ಬಳಿ ನಡೆಯಿತೆಂದು ಅರ್ಜಿಯನ್ನೂ ಅಲ್ಲೇ ಹಾಕಬೇಕೆಂಬ ಕಟ್ಟುಪಾಡಿಲ್ಲ. ಅಪಘಾತ ನಡೆದ ಸ್ಥಳ, ಗಾಯಾಳು ವಾಸಿಸುವ ಅಥವಾ ದುಡಿಯುವ ಊರು, ಎದುರು ಪಕ್ಷದವರು ಇರುವ ಊರು, ಈ ಮೂರರಲ್ಲಿ ಯಾವುದರ ನ್ಯಾಯಮಂಡಳಿಯನ್ನಾದರೂ ಆರಿಸಿಕೊಳ್ಳಲು 166ನೆಯ ಕಲಂ ಅವಕಾಶ ಕೊಡುತ್ತದೆ. ಕಲಬುರಗಿಯ ಚಾಲಕ ಕಲಬುರಗಿಯಲ್ಲೇ ಅರ್ಜಿ ಹಾಕಬಹುದು. ಊರುಗೋಲು ಹಿಡಿದು ಪ್ರತಿ ಮುದ್ದತ್ತಿಗೂ ರಾತ್ರಿಯೆಲ್ಲ ರೈಲಿನಲ್ಲಿ ಕುಳಿತು ಬರಬೇಕಾಗಿಲ್ಲ. ಈ ಅನುಕೂಲ ತಿಳಿಯದೆ ಕ್ಲೇಮನ್ನೇ ಕೈಬಿಡುವುದು ತೀರ ಅನ್ಯಾಯದ ನಷ್ಟ.

ಅವಧಿಯ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. 2019ರ ತಿದ್ದುಪಡಿಯ ಪ್ರಕಾರ, 2022ರ ಏಪ್ರಿಲ್ 1ರಿಂದೀಚೆಗೆ ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಸಲ್ಲಿಸಬೇಕು. ಈ ಮಿತಿಯನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿವೆ. ಆದರೂ ಆರು ತಿಂಗಳೆಂಬ ಗಡುವನ್ನು ಲಘುವಾಗಿ ಎಣಿಸುವಂತಿಲ್ಲ.

ಮೊತ್ತ ಕಟ್ಟುವಾಗ ನಷ್ಟವನ್ನು ಮೊದಲು ಎರಡು ಪಾಲಾಗಿ ನೋಡುತ್ತಾರೆ. ಒಂದು, ಹಣವಾಗಿಯೇ ಕೈಬಿಟ್ಟುಹೋದದ್ದು. ಆಸ್ಪತ್ರೆಯ ಖರ್ಚು, ಔಷಧಿ, ಓಡಾಟ, ಪೌಷ್ಟಿಕ ಆಹಾರ, ನೋಡಿಕೊಳ್ಳುವವರ ಕೂಲಿ, ಹಾಸಿಗೆ ಹಿಡಿದ ತಿಂಗಳುಗಳ ಸಂಬಳ, ಮುಂದೆ ಕಡಿಮೆಯಾಗುವ ಗಳಿಕೆ, ಮುಂದಿನ ಚಿಕಿತ್ಸೆ ಎಲ್ಲ ಈ ಪಾಲಿಗೆ ಸೇರುತ್ತವೆ. ಇನ್ನೊಂದು, ಹಣದಲ್ಲಿ ಅಳೆಯಲಾಗದಿದ್ದರೂ ಹಣದಲ್ಲೇ ತುಂಬಿಕೊಡಬೇಕಾದದ್ದು. ಅನುಭವಿಸಿದ ನೋವು, ಕೈತಪ್ಪಿದ ಜೀವನಸುಖ, ಮುರಿದುಬಿದ್ದ ಮದುವೆಯ ಮಾತುಕತೆ, ಕುಗ್ಗಿದ ಆಯಸ್ಸು ಇದಕ್ಕೆ ಸೇರುತ್ತವೆ. ಈ ವಿಂಗಡಣೆಯನ್ನು ಸುಪ್ರೀಂ ಕೋರ್ಟು 1995ರ ಹಟ್ಟಂಗಡಿ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. 2010ರ ಅಕ್ಟೋಬರ್ 18ರ ರಾಜ್‌ಕುಮಾರ್ ಪ್ರಕರಣದ ತೀರ್ಪು ಇದಕ್ಕೆ ಕ್ರಮಬದ್ಧ ರೂಪ ಕೊಟ್ಟಿತು. ಆ ತೀರ್ಪನ್ನು ಬರೆದ ನ್ಯಾಯಮೂರ್ತಿ ಆರ್. ವಿ. ರವೀಂದ್ರನ್ ಕರ್ನಾಟಕ ಹೈಕೋರ್ಟಿನಲ್ಲಿ ವಕೀಲಿ ನಡೆಸಿ, ಅಲ್ಲೇ ನ್ಯಾಯಾಧೀಶರಾಗಿ, ಮುಂದೆ ದೆಹಲಿಗೆ ಹೋದವರು. ಗಾಯಾಳುಗಳ ಕ್ಲೇಮು ನಡೆಸುವ ವಕೀಲರಿಗೆ ಇಂದಿಗೂ ಆ ತೀರ್ಪೇ ಕೈಪಿಡಿ.

ಖರ್ಚಿನ ಲೆಕ್ಕ ಸುಲಭ. ಬಿಲ್ಲುಗಳಿದ್ದರೆ ಕೂಡಿದರಾಯಿತು. ಡಿಸ್ಚಾರ್ಜ್ ಕಾರ್ಡು, ಔಷಧಿ ಅಂಗಡಿಯ ರಸೀದಿ, ಆಂಬುಲೆನ್ಸಿನ ಚೀಟಿ, ಎಕ್ಸ್‌ರೇ ಹಾಳೆ ಎಲ್ಲವನ್ನೂ ಮೊದಲ ದಿನದಿಂದಲೇ ಒಂದು ಚೀಲದಲ್ಲಿ ಕೂಡಿಟ್ಟ ಮನೆಯವರ ಕೆಲಸ ಅಲ್ಲಿಗೆ ಅರ್ಧ ಮುಗಿದಂತೆ. ಹಾಸಿಗೆ ಹಿಡಿದ ಕಾಲದ ಸಂಬಳವೂ ಹೀಗೆಯೇ: ತಿಂಗಳಿಗೆ 15,000 ರೂಪಾಯಿ ದುಡಿಯುವವನು ಆರು ತಿಂಗಳು ಮಲಗಿದ್ದರೆ 90,000 ರೂಪಾಯಿ.

ಕಷ್ಟವಿರುವುದು, ವಿವಾದ ಏಳುವುದು, ದೊಡ್ಡ ಮೊತ್ತ ಅಡಗಿರುವುದು ಮುಂದಿನ ಗಳಿಕೆಯ ನಷ್ಟದಲ್ಲಿ. ರಾಜ್‌ಕುಮಾರ್ ತೀರ್ಪು ಕಲಿಸಿದ ಮುಖ್ಯ ಪಾಠವೂ ಇದೇ. ವೈದ್ಯರು ಕೊಡುವ ಅಂಗವೈಕಲ್ಯ ಪ್ರಮಾಣಪತ್ರದಲ್ಲಿ ಒಂದು ಶೇಕಡಾವಾರು ಇರುತ್ತದೆ. ಅದು ಒಂದು ಕಾಲಿಗೆ ಹೇಳಿದ ಪ್ರಮಾಣವೋ ಇಡೀ ದೇಹಕ್ಕೆ ಹೇಳಿದ ಪ್ರಮಾಣವೋ ಎಂಬುದನ್ನು ಮೊದಲು ತಿಳಿಯಬೇಕು. ಕಾಲಿಗೆ ಶೇ. 60 ಎಂದರೆ ದೇಹಕ್ಕೆ ಶೇ. 60 ಎಂದಾಗುವುದಿಲ್ಲ. ಅದಾದ ಮೇಲೆ, ದೇಹಕ್ಕಾದ ಊನ ಬೇರೆ, ದುಡಿಮೆಗಾದ ಊನ ಬೇರೆ. ಮೊದಲನೆಯದನ್ನು ಹೇಳುವವರು ವೈದ್ಯರು. ಎರಡನೆಯದನ್ನು ತೀರ್ಮಾನಿಸುವುದು ನ್ಯಾಯಮಂಡಳಿಯ ಕೆಲಸ. ಗಾಯಾಳು ಮೊದಲು ಏನು ಮಾಡುತ್ತಿದ್ದ, ಈಗ ಅದರಲ್ಲಿ ಏನೇನು ಮಾಡಬಲ್ಲ, ಅದೇ ಕೆಲಸಕ್ಕೆ ಮರಳಬಲ್ಲನೇ, ಬೇರೆ ಕೆಲಸ ಹಿಡಿದು ಬದುಕಬಲ್ಲನೇ ಎಂದು ಮಂಡಳಿ ಕೇಳಿ ನೋಡಬೇಕು. ಎಡಗೈ ತೆಗೆದುಹಾಕಿದ ಚಾಲಕನ ಅಥವಾ ಬಡಗಿಯ ಗಳಿಕೆ ಪೂರ್ತಿ ನಿಂತೇ ಹೋಗಬಹುದು. ಅದೇ ಎಡಗೈ ಹೋದ ಸರ್ಕಾರಿ ಗುಮಾಸ್ತನ ನೌಕರಿ ಉಳಿದು, ಸಂಬಳ ಹಾಗೆಯೇ ಬರುತ್ತಿರಬಹುದು. ಆಗ ಗುಮಾಸ್ತನಿಗೆ ಗಳಿಕೆ ನಷ್ಟದ ಬಾಬಿನಲ್ಲಿ ಏನೂ ಸಿಗದೆ, ಜೀವನಸುಖ ಕಳೆದುಕೊಂಡ ಬಾಬಿನಲ್ಲಿ ಹೆಚ್ಚು ಸಿಗಬೇಕಾಗುತ್ತದೆ. ಗಾಯ ಒಂದೇ, ಮೊತ್ತ ಎರಡು. ಮೇಲುನೋಟಕ್ಕೆ ಇದು ತಾರತಮ್ಯದಂತೆ ಕಂಡರೂ ನ್ಯಾಯವಿರುವುದು ಇಲ್ಲಿಯೇ. ಪರಿಹಾರ ಸಲ್ಲುವುದು ಕೈ ಎಂಬ ಅಂಗಕ್ಕಲ್ಲ, ಆ ಕೈಯಿಂದ ನಡೆಯುತ್ತಿದ್ದ ಬದುಕಿಗೆ.

ಈ ತತ್ವ ಮುಂದಿನ ತೀರ್ಪುಗಳಲ್ಲಿ ಇನ್ನಷ್ಟು ಗಟ್ಟಿಯಾಯಿತು. ಎರಡೂ ಕೈಗಳ ಬಲ ಕಳೆದುಕೊಂಡ ಬಡಗಿಯೊಬ್ಬನ ಪ್ರಕರಣದಲ್ಲಿ, ಕೈಯಿಂದಲೇ ದುಡಿಯುವವನಿಗೆ ಕೈ ಹೋದರೆ ಗಳಿಸುವ ಶಕ್ತಿ ಸಂಪೂರ್ಣ ಹೋದಂತೆಯೇ ಎಂದು ಸುಪ್ರೀಂ ಕೋರ್ಟು 2018ರಲ್ಲಿ ಹೇಳಿತು. ಕರ್ನಾಟಕದಿಂದ ಹೋದ 2014ರ ಪ್ರಕರಣವೊಂದರಲ್ಲಿ ಕಾಲು ಕಳೆದುಕೊಂಡ ತರಕಾರಿ ವ್ಯಾಪಾರಿಯ ದುಡಿಮೆಯ ನಷ್ಟವನ್ನು ಶೇ. 85 ಎಂದು ಎಣಿಸಿತು. 2020ರಲ್ಲಿ, ಬಲಗೈ ತೆಗೆದುಹಾಕಿದ ಡೇಟಾ ಎಂಟ್ರಿ ಆಪರೇಟರ್ ಒಬ್ಬನಿಗೆ ಕೆಳಗಿನ ಕೋರ್ಟು ಶೇ. 45 ಎಂದು ಇಳಿಸಿದ್ದನ್ನು ಶೇ. 65ಕ್ಕೆ ಏರಿಸಿತು. ಕಚೇರಿ ಕೆಲಸಕ್ಕೆ ಒಂದು ಕೈ ಸಾಕೆಂಬ ಎಣಿಕೆ ಅಲ್ಲಿ ನಿಲ್ಲಲಿಲ್ಲ.

ದುಡಿಮೆಯ ನಷ್ಟದ ಶೇಕಡಾವಾರು ಗೊತ್ತಾದ ಮೇಲೆ ಗುಣಾಕಾರ ಶುರುವಾಗುತ್ತದೆ. ಇದರ ಬೀಜ 1942ರ ಒಂದು ಇಂಗ್ಲಿಷ್ ತೀರ್ಪಿನಲ್ಲಿದೆ. ವರ್ಷದ ನಷ್ಟವನ್ನು ವಯಸ್ಸಿಗೆ ತಕ್ಕ ಒಂದು ಅಂಕಿಯಿಂದ ಗುಣಿಸುವುದೇ ಆ ಪದ್ಧತಿ. ಆ ಅಂಕಿಗೆ ಗುಣಕ ಎನ್ನುತ್ತಾರೆ. ಉಳಿದ ಆಯಸ್ಸಿನ ವರ್ಷಗಳಷ್ಟೂ ಗುಣಕದಲ್ಲಿ ಇರುವುದಿಲ್ಲ. ಇಡೀ ಬದುಕಿನ ಗಳಿಕೆ ಒಂದೇ ಗಂಟಾಗಿ ಈಗಲೇ ಕೈಗೆ ಬಂದು ಬಡ್ಡಿ ಹುಟ್ಟಿಸುತ್ತದೆ, ಬದುಕಿನ ಅನಿಶ್ಚಿತಗಳೂ ಇರುತ್ತವೆ ಎಂಬ ಕಾರಣಕ್ಕೆ ಅದನ್ನು ಕಡಿಮೆ ಇಡುತ್ತಾರೆ. ಒಂದೊಂದು ಕೋರ್ಟು ಒಂದೊಂದು ಗುಣಕ ಹಿಡಿಯುತ್ತಿದ್ದ ಗೊಂದಲಕ್ಕೆ 2009ರ ಏಪ್ರಿಲ್ 15ರಂದು ಸರಳಾ ವರ್ಮಾ ಪ್ರಕರಣದಲ್ಲಿ ತೆರೆ ಎಳೆದವರೂ ನ್ಯಾಯಮೂರ್ತಿ ರವೀಂದ್ರನ್ ಅವರೇ. ಅವರ ಪಟ್ಟಿಯ ಪ್ರಕಾರ 15ರಿಂದ 25 ವರ್ಷದವರಿಗೆ ಗುಣಕ 18. 26ರಿಂದ 30ಕ್ಕೆ 17, 31ರಿಂದ 35ಕ್ಕೆ 16, 36ರಿಂದ 40ಕ್ಕೆ 15, 41ರಿಂದ 45ಕ್ಕೆ 14, 46ರಿಂದ 50ಕ್ಕೆ 13. ಅಲ್ಲಿಂದ ಮುಂದೆ ಐದೈದು ವರ್ಷಕ್ಕೆ 11, 9, 7 ಎಂದು ಇಳಿದು, 65 ದಾಟಿದವರಿಗೆ 5.

ಗುಣಿಸುವ ಮೊದಲು ಇನ್ನೊಂದು ಕೂಡಿಕೆ ಇದೆ. ಮನುಷ್ಯನ ಆದಾಯ ಅಪಘಾತದ ದಿನಕ್ಕೆ ನಿಲ್ಲುವಂಥದ್ದಲ್ಲ, ಬೆಳೆಯುತ್ತಿತ್ತು. 2017ರ ಅಕ್ಟೋಬರ್ 31ರಂದು ಪ್ರಣಯ್ ಸೇಠಿ ಪ್ರಕರಣದಲ್ಲಿ ಸಂವಿಧಾನ ಪೀಠ ಈ ಬೆಳವಣಿಗೆಗೆ ಅಂಕಿ ಕೊಟ್ಟಿತು. ಕಾಯಂ ನೌಕರಿಯವರಿಗೆ 40 ವರ್ಷದೊಳಗಾದರೆ ಆದಾಯದ ಮೇಲೆ ಶೇ. 50, 40ರಿಂದ 50ರೊಳಗೆ ಶೇ. 30, 50ರಿಂದ 60ರೊಳಗೆ ಶೇ. 15. ಸ್ವಂತ ದುಡಿಮೆಯವರಿಗೆ, ನಿಗದಿ ಸಂಬಳದವರಿಗೆ ಅದೇ ವಯಸ್ಸುಗಳಲ್ಲಿ ಶೇ. 40, 25, 10. ಅದು ಸಾವಿನ ಪ್ರಕರಣವಾಗಿದ್ದರೂ ಈ ಹೆಚ್ಚಳ ಗಾಯಾಳುಗಳಿಗೂ ಸಲ್ಲುತ್ತದೆಂದು ನಂತರದ ತೀರ್ಪುಗಳು ಹೇಳಿವೆ. ಸಾವಿನ ಪ್ರಕರಣದಲ್ಲಿ ಮೃತರ ಸ್ವಂತ ಖರ್ಚೆಂದು ಆದಾಯದ ಒಂದು ಪಾಲನ್ನು ಕಳೆಯುತ್ತಾರೆ. ಗಾಯಾಳುವಿನ ಲೆಕ್ಕದಲ್ಲಿ ಹಾಗೆ ಕಳೆಯುವಂತಿಲ್ಲ. ಬದುಕಿರುವವನಿಗೆ ಊಟ, ಬಟ್ಟೆಯ ಖರ್ಚು ಇದ್ದೇ ಇರುತ್ತದೆ.

ನಾಗ್ಪುರದ ಕಳಮನಾ ಮಾರುಕಟ್ಟೆಯಲ್ಲಿ ಕಿತ್ತಳೆ ಪೆಟ್ಟಿಗೆ, ಮೆಣಸಿನಕಾಯಿ ಮೂಟೆ ಹೊರುವ ಹಮಾಲಿಯೊಬ್ಬನನ್ನು ಉದಾಹರಣೆಗೆ ಕಲ್ಪಿಸಿಕೊಳ್ಳಬಹುದು. ವಯಸ್ಸು 35, ತಿಂಗಳ ದುಡಿಮೆ 15,000. ಲಾರಿ ಹಾಯ್ದು ಬಲಗಾಲನ್ನು ಮಂಡಿಯ ಕೆಳಗೆ ತೆಗೆಯಬೇಕಾಯಿತು. ಪ್ರಮಾಣಪತ್ರದಲ್ಲಿ ಕಾಲಿಗೆ ಶೇ. 60, ಇಡೀ ದೇಹಕ್ಕೆ ಶೇ. 30 ಎಂದಿದೆ ಎಂದಿಟ್ಟುಕೊಳ್ಳೋಣ. ವರ್ಷದ ಆದಾಯ 1,80,000. ಶೇ. 40 ಹೆಚ್ಚಳ ಸೇರಿದರೆ 2,52,000. ಗುಣಕ 16ರಿಂದ ಗುಣಿಸಿದರೆ 40,32,000. ವಿಮಾ ಕಂಪನಿಯ ವಕೀಲರು ಪ್ರಮಾಣಪತ್ರದ ಶೇ. 30ನ್ನೇ ಹಿಡಿಯಿರಿ ಎನ್ನುತ್ತಾರೆ. ಆಗ ಸಿಗುವುದು 12,09,600. ಹೆಗಲ ಮೇಲೆ ಮೂಟೆ ಹೊತ್ತು ಹಲಗೆ ಏರುವವನಿಗೆ ಒಂದು ಕಾಲು ಹೋದರೆ ದುಡಿಮೆಯ ನಷ್ಟ ಶೇ. 80 ಎಂದು ಮಂಡಳಿ ಒಪ್ಪಿದರೆ 32,25,600. ಎರಡರ ನಡುವೆ 20,16,000 ರೂಪಾಯಿಯ ಅಂತರ. ಇದನ್ನು ತೀರ್ಮಾನಿಸುವುದು ವೈದ್ಯರ ಹಾಳೆಯ ಅಂಕಿಗಿಂತ ಹೆಚ್ಚಾಗಿ, ಅವನ ಕೆಲಸ ಎಂಥದ್ದು ಎಂಬ ಸಾಕ್ಷ್ಯ. ಪ್ರಮಾಣಪತ್ರ ಕೊಟ್ಟ ವೈದ್ಯರು ಸಾಕ್ಷಿಕಟ್ಟೆಗೆ ಬಂದು, ಈ ಮನುಷ್ಯ ಇನ್ನು ಎಷ್ಟು ಭಾರ ಎತ್ತಬಲ್ಲ, ಎಷ್ಟು ಹೊತ್ತು ನಿಲ್ಲಬಲ್ಲ ಎಂದು ಹೇಳಿ ಪಾಟೀಸವಾಲು ಎದುರಿಸಬೇಕು. ಜೊತೆಗೆ ದುಡಿದವರ ಒಬ್ಬರ ಮಾತೂ ಬೇಕು. ಬರೀ ಹಾಳೆಯೊಂದನ್ನು ಮುಂದಿಟ್ಟು ಕುಳಿತರೆ ಲೆಕ್ಕ ಕೆಳಗಿನ ಅಂಕಿಗೇ ಜಾರುತ್ತದೆ.

ಈ ಹಮಾಲಿಗೆ ತಿಂಗಳಿಗೆ 15,000 ಸಿಗುತ್ತಿತ್ತು ಎಂಬುದನ್ನು ರುಜುವಾತು ಮಾಡುವುದೂ ಸಣ್ಣ ಕೆಲಸವಲ್ಲ. ಸಂಬಳದ ಚೀಟಿ, ಆದಾಯ ತೆರಿಗೆಯ ರಿಟರ್ನ್ಸ್, ಬ್ಯಾಂಕ್ ಪಾಸ್‌ಬುಕ್ ಇದ್ದವರ ದಾರಿ ನೇರ. ಕೈಯಲ್ಲಿ ದಿನಗೂಲಿ ಪಡೆಯುವವರಿಗೆ ಕಾಗದವೇ ಇರುವುದಿಲ್ಲ. ಆಗ ಮಂಡಳಿ ಕನಿಷ್ಠ ವೇತನದ ಅಧಿಸೂಚನೆಯನ್ನು ಆಧಾರವಾಗಿ ಹಿಡಿದು ಅಂದಾಜು ಆದಾಯ ಕಟ್ಟುತ್ತದೆ. ಕರ್ನಾಟಕದಲ್ಲಿ ಲೋಕ ಅದಾಲತ್‌ಗಳಿಗಾಗಿ ರಾಜ್ಯ ಕಾನೂನು ಸೇವಾ ಪ್ರಾಧಿಕಾರ ವರ್ಷವಾರು ಅಂದಾಜು ಆದಾಯದ ಪಟ್ಟಿಯನ್ನೇ ಮಾಡಿಕೊಂಡಿದೆ, ಹೈಕೋರ್ಟೂ ಅದನ್ನು ನೆಚ್ಚುತ್ತದೆ. ಬೆಂಗಳೂರಿನ ಕೂಲಿಕಾರನೊಬ್ಬ 2004ರಲ್ಲಿ ತಿಂಗಳಿಗೆ 4,500 ದುಡಿಯುತ್ತಿದ್ದೆ ಎಂದದ್ದನ್ನು ನ್ಯಾಯಮಂಡಳಿ 3,000ಕ್ಕೆ ಇಳಿಸಿತ್ತು. 2011ರಲ್ಲಿ ಸುಪ್ರೀಂ ಕೋರ್ಟು ಅವನ ಮಾತನ್ನೇ ಒಪ್ಪಿತು. ಕೂಲಿ ಮಾಡುವವನಿಂದ ದಾಖಲೆ ನಿರೀಕ್ಷಿಸುವುದು ಸಲ್ಲ, ಅವನು ಹೇಳಿದ ಅಂಕಿ ಕಾಲಮಾನಕ್ಕೆ ಒಪ್ಪುವಂತಿದ್ದರೆ ಸಾಕು ಎಂಬ ನಿಲುವು ಬಡವರ ಪಾಲಿಗೆ ದೊಡ್ಡ ಆಸರೆ.

ಮನೆವಾರ್ತೆ ನೋಡುವ ಹೆಂಗಸರ ಆದಾಯದ ಪ್ರಶ್ನೆ ಇನ್ನೂ ಹಳೆಯ ಗಾಯ. ಅಚಲಪುರದ ನ್ಯಾಯಮಂಡಳಿಯೊಂದು, ಮೃತಳು ಗೃಹಿಣಿ, ಆದಾಯವಿರಲಿಲ್ಲ ಎಂದು ಕುಟುಂಬದ ಅರ್ಜಿಯನ್ನೇ ತಳ್ಳಿಹಾಕಿತ್ತು. 2020ರಲ್ಲಿ ನಾಗ್ಪುರ ಪೀಠ ಆ ಆದೇಶವನ್ನು ರದ್ದುಪಡಿಸಿ, 8 ಲಕ್ಷಕ್ಕೂ ಮಿಕ್ಕ ಪರಿಹಾರ ಕೊಡಿಸಿತು. ಮರುವರ್ಷದ ಜನವರಿಯಲ್ಲಿ ಸುಪ್ರೀಂ ಕೋರ್ಟು, ಗೃಹಿಣಿಗೂ ಅಂದಾಜು ಆದಾಯ ಕಟ್ಟಿ ಅದರ ಮೇಲೆ ಭವಿಷ್ಯದ ಹೆಚ್ಚಳವನ್ನೂ ಸೇರಿಸಬೇಕೆಂದಿತು. ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ 299 ನಿಮಿಷ, ಗಂಡಸರು 97 ನಿಮಿಷ ಕೊಡುತ್ತಾರೆಂಬ 2019ರ ರಾಷ್ಟ್ರೀಯ ಸಮೀಕ್ಷೆಯ ಅಂಕಿಯನ್ನು ಆ ತೀರ್ಪು ಎತ್ತಿ ಹೇಳಿತು. ಬೆನ್ನುಮೂಳೆ ಮುರಿದು ಹಾಸಿಗೆ ಹಿಡಿದ ಗೃಹಿಣಿಗೂ ಇದೇ ನ್ಯಾಯ ಅನ್ವಯಿಸುತ್ತದೆ.

ಮಕ್ಕಳಿಗೆ ಆದಾಯವೇ ಇಲ್ಲದ್ದರಿಂದ ಬೇರೆ ದಾರಿ ಬೇಕಾಯಿತು. ಕರ್ನಾಟಕದ ಬಾಲಕನೊಬ್ಬನ ಪ್ರಕರಣದಲ್ಲಿ 2013ರಲ್ಲಿ ಸುಪ್ರೀಂ ಕೋರ್ಟು ವೈಕಲ್ಯದ ಪ್ರಮಾಣಕ್ಕೆ ತಕ್ಕಂತೆ ಹಂತಗಳನ್ನು ಮಾಡಿತು: ಶೇ. 10ರವರೆಗೆ 1 ಲಕ್ಷ, 30ರವರೆಗೆ 3 ಲಕ್ಷ, 60ರವರೆಗೆ 4 ಲಕ್ಷ, 90ರವರೆಗೆ 5 ಲಕ್ಷ, ಅದಕ್ಕೂ ಮೇಲೆ 6 ಲಕ್ಷ. ಜೀವಮಾನದ ಊನಕ್ಕೆ ಈ ಮೊತ್ತ ಸಾಲದು. 2020ರ ಫೆಬ್ರವರಿಯಲ್ಲಿ, ಸಂಪೂರ್ಣ ಪರಾವಲಂಬಿಯಾದ 12 ವರ್ಷದ ಬಾಲಕಿಯೊಬ್ಬಳಿಗೆ ಕೋರ್ಟು ಆರೈಕೆಯ ಖರ್ಚನ್ನೂ ಗುಣಕದಿಂದಲೇ ಲೆಕ್ಕ ಹಾಕಿತು. ನೋಡಿಕೊಳ್ಳಲು ಇಬ್ಬರು, ತಲಾ 5,000, ಅಂದರೆ ತಿಂಗಳಿಗೆ 10,000. ಹನ್ನೆರಡು ತಿಂಗಳು, ಗುಣಕ 18. ಆರೈಕೆಯೊಂದಕ್ಕೇ 21,60,000. ತಾಯಿಯೇ ನೋಡಿಕೊಳ್ಳುತ್ತಾಳಲ್ಲ ಎಂದು ಈ ಬಾಬನ್ನು ಬಿಟ್ಟುಬಿಡುವ ರೂಢಿಗೆ ಈ ತೀರ್ಪು ತಕ್ಕ ಉತ್ತರ.

ಮುಂದಿನ ಚಿಕಿತ್ಸೆಯ ಬಾಬಿನಲ್ಲಿ ಕೃತಕ ಕಾಲಿನದು ದೊಡ್ಡ ಪಾಲು. 2022ರ ತೀರ್ಪೊಂದರಲ್ಲಿ ಸುಪ್ರೀಂ ಕೋರ್ಟು ಗಮನಿಸಿದಂತೆ, ಅಂಥ ಒಂದು ಕಾಲಿಗೆ 2,60,000 ರೂಪಾಯಿ, ಬಾಳಿಕೆ ಐದಾರು ವರ್ಷ, ನಡುನಡುವೆ ದುರಸ್ತಿಗೆ 15,000ದಿಂದ 20,000. ಕಳಮನಾದ ಹಮಾಲಿ 65ರವರೆಗೆ ಬದುಕಿದರೆ ಐದಾರು ಸಲ ಕಾಲು ಬದಲಿಸಬೇಕು. ಮೊದಲ ಕಾಲಿನ ಬಿಲ್ಲನ್ನಷ್ಟೇ ಹಾಜರುಪಡಿಸಿ ಮುಂದಿನವುಗಳ ಅಂದಾಜು ಪತ್ರ ಕೊಡದಿದ್ದರೆ ಉಳಿದವು ಲೆಕ್ಕಕ್ಕೇ ಬರುವುದಿಲ್ಲ.

ನೋವಿಗೆ, ಜೀವನಸುಖದ ನಷ್ಟಕ್ಕೆ ಸೂತ್ರವಿಲ್ಲ. 1994ರಲ್ಲಿ ಕಾಯ್ದೆಗೆ ಸೇರಿಸಿದ್ದ ಎರಡನೆಯ ಅನುಸೂಚಿಯಲ್ಲಿ ತೀವ್ರ ಗಾಯದ ನೋವಿಗೆ 5,000 ರೂಪಾಯಿ ಎಂದಿತ್ತು. ಎರಡು ದಶಕಕ್ಕೂ ಹೆಚ್ಚು ಕಾಲ ಆ ಅಂಕಿ ಕದಲಲಿಲ್ಲ. 2019ರ ತಿದ್ದುಪಡಿ ಆ ಅನುಸೂಚಿಯನ್ನು ತೆಗೆದುಹಾಕಿದ್ದು ಒಳ್ಳೆಯದೇ ಆಯಿತು. ಈಗ ಶಸ್ತ್ರಚಿಕಿತ್ಸೆಗಳೆಷ್ಟು, ಆಸ್ಪತ್ರೆಯಲ್ಲಿ ಕಳೆದ ದಿನವೆಷ್ಟು, ವಯಸ್ಸೆಷ್ಟು, ಮದುವೆ ಆಗಿದೆಯೇ ಎಂದು ನೋಡಿ ಮಂಡಳಿ ತನ್ನ ವಿವೇಚನೆಯಿಂದ ಕೊಡುತ್ತದೆ.

ಗಾಯಾಳುವಿನದೂ ತಪ್ಪಿದ್ದರೆ ಒಟ್ಟು ಮೊತ್ತದಲ್ಲಿ ಆ ತಪ್ಪಿನ ಪಾಲು ಕಳೆಯುತ್ತದೆ. ಎಫ್‌ಐಆರ್, ಸ್ಥಳದ ಪಂಚನಾಮೆ, ನಕ್ಷೆ ಇದನ್ನು ನಿರ್ಧರಿಸುತ್ತವೆ. ಪೊಲೀಸರು 48 ಗಂಟೆಯೊಳಗೆ ಮೊದಲ ವರದಿಯನ್ನೂ 90 ದಿನದೊಳಗೆ ವಿವರ ವರದಿಯನ್ನೂ ನ್ಯಾಯಮಂಡಳಿಗೆ ಕೊಡಬೇಕೆಂದು 2022ರ ನಿಯಮಗಳು ಹೇಳುತ್ತವೆ. ಯಾರ ತಪ್ಪೆಂಬ ವಾದವೇ ಬೇಡ ಎನ್ನುವವರಿಗೆ 164ನೆಯ ಕಲಂ ನಿಗದಿ ಮೊತ್ತ ಕೊಡುತ್ತದೆ: ತೀವ್ರ ಗಾಯಕ್ಕೆ 2.5 ಲಕ್ಷ, ಸಾವಿಗೆ 5 ಲಕ್ಷ. ಗುದ್ದಿ ಓಡಿಹೋದ ವಾಹನ ಪತ್ತೆಯಾಗದಿದ್ದರೆ ಸರ್ಕಾರದ ಯೋಜನೆಯಿಂದ ತೀವ್ರ ಗಾಯಕ್ಕೆ 50,000, ಸಾವಿಗೆ 2 ಲಕ್ಷ.

ಕೆಲಸದ ಮೇಲಿದ್ದಾಗ ಆದ ಗಾಯಕ್ಕೆ ಲೆಕ್ಕವೇ ಬೇರೆ. 1923ರ ಕಾಯ್ದೆಯಲ್ಲಿದ್ದು ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಗೆ ಸೇರಿರುವ ಪದ್ಧತಿಯಲ್ಲಿ ಮಾಲೀಕನ ತಪ್ಪನ್ನು ಸಾಧಿಸಬೇಕಿಲ್ಲ. ತಿಂಗಳ ಕೂಲಿಯ ಶೇ. 60ನ್ನು ವಯಸ್ಸಿನ ಅಂಕದಿಂದ ಗುಣಿಸಿ, ದುಡಿಮೆಯ ನಷ್ಟದ ಶೇಕಡಾವಾರು ಹಿಡಿಯುತ್ತಾರೆ. 2020ರ ಜನವರಿಯಲ್ಲಿ ಗೊತ್ತುಮಾಡಿದಂತೆ ಈ ಲೆಕ್ಕಕ್ಕೆ ಕೂಲಿಯ ಮಿತಿ 15,000. ಅದೇ 35ರ ಹಮಾಲಿಗೆ ಅಂಕ 197.06. 9,000ವನ್ನು ಅದರಿಂದ ಗುಣಿಸಿದರೆ 17,73,540. ನಷ್ಟ ಶೇ. 50 ಎಂದಾದರೆ 8,86,770. ಇಲ್ಲಿ ನೋವಿಗೆ ಬಾಬಿಲ್ಲ, ಭವಿಷ್ಯದ ಹೆಚ್ಚಳವೂ ಇಲ್ಲ. ಆದರೆ ಇಲ್ಲಿಯೂ ಗಾಯಕ್ಕೆ ಕಾಯ್ದೆಯ ಅನುಸೂಚಿ ಹೇಳುವ ಶೇಕಡಾವಾರೇ ಕೊನೆಯ ಮಾತಲ್ಲ. ಎಡತೋಳು ಕಳೆದುಕೊಂಡ ಬಡಗಿ ಬಡಗಿಯಾಗಿ ದುಡಿಯಲಾರ, ಆದ್ದರಿಂದ ನಷ್ಟ ಪೂರ್ತಿ ನೂರು ಎಂದು ಸುಪ್ರೀಂ ಕೋರ್ಟು 1975ರಲ್ಲೇ ಒಪ್ಪಿತ್ತು. ಕೆಲಸದಲ್ಲಿದ್ದಾಗ ವಾಹನ ಹಾಯ್ದು ಗಾಯಗೊಂಡವರು ಎರಡು ಕಾನೂನುಗಳಲ್ಲಿ ಒಂದನ್ನು ಮಾತ್ರ ಆರಿಸಿಕೊಳ್ಳಬೇಕು. ಎರಡರಲ್ಲೂ ಸಿಗಬಹುದಾದ ಮೊತ್ತಗಳನ್ನು ಪಕ್ಕಪಕ್ಕ ಇಟ್ಟು ನೋಡದೆ ಆ ಆಯ್ಕೆ ಮಾಡಬಾರದು. ರೈಲಿನಲ್ಲಾದ ಗಾಯಗಳಿಗೆ ರೈಲ್ವೆ ಕ್ಲೇಮು ನ್ಯಾಯಮಂಡಳಿ ಇದೆ, ನಾಗ್ಪುರದಲ್ಲಿ ಅದರ ಪೀಠವೂ ಇದೆ. ಅಲ್ಲಿ ಗಾಯಕ್ಕೆ ತಕ್ಕ ಮೊತ್ತ ಪಟ್ಟಿಯಲ್ಲೇ ಇರುತ್ತದೆ. 2017ರ ಜನವರಿ 1ರಿಂದ ಅದರ ಗರಿಷ್ಠ ಮಿತಿ 8 ಲಕ್ಷ.

ನ್ಯಾಯಮಂಡಳಿ ಗೊತ್ತುಮಾಡಿದ ಮೊತ್ತಕ್ಕೆ ಅರ್ಜಿ ಹಾಕಿದ ದಿನದಿಂದ ಬಡ್ಡಿಯನ್ನೂ ಕೊಡಿಸಬಹುದು. ಅರ್ಜಿಯಲ್ಲಿ ಕಡಿಮೆ ಕೇಳಿದ್ದರೂ ಸಾಕ್ಷ್ಯ ಹೆಚ್ಚಿನದನ್ನು ತೋರಿಸಿದರೆ ಹೆಚ್ಚಿನದನ್ನೇ ಕೊಡಬಹುದೆಂದು 2002ರ ಡಿಸೆಂಬರ್‌ನ ನಾಗಪ್ಪ ಪ್ರಕರಣ ಸ್ಥಾಪಿಸಿತು. ತೀರ್ಪು ಒಪ್ಪದವರು 90 ದಿನದೊಳಗೆ ಹೈಕೋರ್ಟಿಗೆ ಹೋಗಬಹುದು. ವಿವಾದದ ಮೊತ್ತ 1 ಲಕ್ಷಕ್ಕಿಂತ ಕಡಿಮೆಯಿದ್ದರೆ ಮೇಲ್ಮನವಿ ಇಲ್ಲ. ಹಣ ಕೊಡಬೇಕಾದವರು ಮೇಲ್ಮನವಿ ಹಾಕುವಾಗ 25,000 ಅಥವಾ ಮೊತ್ತದ ಅರ್ಧ, ಯಾವುದು ಕಡಿಮೆಯೋ ಅದನ್ನು ಮೊದಲು ಠೇವಣಿ ಇಡಬೇಕು. ಗಾಯಾಳು ಓದುಬರಹ ಬಾರದವನಾದರೆ ಅಥವಾ ಅಪ್ರಾಪ್ತನಾದರೆ ಮೊತ್ತದ ಬಹುಪಾಲನ್ನು ಬ್ಯಾಂಕಿನಲ್ಲಿ ನಿಶ್ಚಿತ ಠೇವಣಿಯಾಗಿ ಇರಿಸಿ, ಬಡ್ಡಿಯನ್ನು ನೇರವಾಗಿ ಅವನ ಖಾತೆಗೆ ಹಾಕುವಂತೆ ಮಂಡಳಿ ಆದೇಶಿಸುತ್ತದೆ. ಮನೆ ಕಟ್ಟಲೋ ಚಿಕಿತ್ಸೆಗೋ ಹಣ ಬೇಕಾದರೆ ಕಾರಣ ತೋರಿಸಿ ಅರ್ಜಿ ಕೊಟ್ಟು, ಠೇವಣಿಯ ಒಂದು ಭಾಗವನ್ನು ಅವಧಿಗೆ ಮೊದಲೇ ಬಿಡಿಸಿಕೊಳ್ಳಬಹುದು.